‘ಸಿಸ್ಟರೇ, ಒಮ್ಮೆ ಬನ್ನಿ’: ನರ್ಸ್‌ನ ನಂಬಿಕೆ, ರೋಗಿಯ ನಂಬಿಕೆ

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಮುಂದೆ ಒಬ್ಬ ಹಿರಿಯ ನರ್ಸ್ ಆಡಿದ ಮಾತುಗಳ ಬರಹ ರೂಪ.)

ನರ್ಸ್‌ಗಳ ಬಗ್ಗೆ ಭಾಷಣ ಅಂದರೆ ಸೇವೆ, ತ್ಯಾಗ, ಬಿಳಿ ಬಟ್ಟೆಯ ದೇವತೆ ಅಂತಲೇ ಶುರುವಾಗುತ್ತದೆ. ಮೇ 12, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ನರ್ಸ್‌ಗಳ ದಿನ ಬಂತೆಂದರೆ ದೀಪ ಹಚ್ಚಿ ನೈಟಿಂಗೇಲ್ ಪ್ರತಿಜ್ಞೆ ಓದಿಸುತ್ತಾರೆ. ಆ ಪ್ರತಿಜ್ಞೆಯನ್ನು ನೈಟಿಂಗೇಲ್ ಬರೆದದ್ದೇ ಅಲ್ಲ ಅಂತ ಎಷ್ಟು ಜನಕ್ಕೆ ಗೊತ್ತುಂಟು? 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ನರ್ಸಿಂಗ್ ಶಾಲೆಯೊಂದರಲ್ಲಿ ಲಿಸ್ಟ್ರಾ ಗ್ರೆಟರ್ ಎಂಬವರು ತಮ್ಮ ಜೊತೆಯವರನ್ನು ಕೂರಿಸಿಕೊಂಡು ಬರೆದದ್ದು ಅದು. ನೈಟಿಂಗೇಲ್ ಮಾತ್ರ ಭಾರೀ ಲೆಕ್ಕದ ಹೆಂಗಸು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ಕಾಯಿಲೆಯಿಂದ ಸತ್ತದ್ದು ಜಾಸ್ತಿ ಅಂತ ಅಂಕಿ ಬರೆದು, ಚಿತ್ರ ಮಾಡಿ, ಸರ್ಕಾರದ ಮುಂದೆ ಇಟ್ಟವರು. ನಾವು ಅವರ ಕೈಗೆ ಒಂದು ದೀಪ ಕೊಟ್ಟು ಲೆಕ್ಕದ ಪುಸ್ತಕ ಕಿತ್ತುಕೊಂಡೆವು.

ದೇವತೆ ಅಂತ ಕರೆದರೆ ಇನ್ನೊಂದು ಅನುಕೂಲ ಉಂಟು. ದೇವತೆ ಸಂಬಳ ಕೇಳುವುದಿಲ್ಲ ಅಲ್ವಾ? ಕೇರಳದಲ್ಲಿ ಖಾಸಗಿ ಆಸ್ಪತ್ರೆಯ ನರ್ಸ್‌ಗಳು ಬೀದಿಗೆ ಇಳಿದು, ಮುಷ್ಕರ ಮಾಡಿ, ಕೊನೆಗೆ 2018ರ ಏಪ್ರಿಲ್‌ನಲ್ಲಿ ಸರ್ಕಾರ ಕನಿಷ್ಠ ಸಂಬಳ 20,000 ರೂಪಾಯಿ ಅಂತ ಆದೇಶ ಹೊರಡಿಸಿತು. ಅದರ ಮುಂದಿನ ತಿಂಗಳೇ, ಮೇ 21ಕ್ಕೆ, ಪೇರಾಂಬ್ರದ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ನಿಪಾ ಬಂದು ತೀರಿಕೊಂಡರು. ಕಾಯಿಲೆ ಯಾವುದು ಅಂತ ಯಾರಿಗೂ ಗೊತ್ತಾಗುವ ಮೊದಲೇ ರೋಗಿಯನ್ನು ನೋಡಿಕೊಂಡವರು ಅವರು. ಎಲ್ಲರೂ ಅವರ ಫೋಟೋಕ್ಕೆ ಹೂ ಹಾಕಿದರು. ಹೂ ಹಾಕಬೇಕು, ಸರಿ. ಮಾಸ್ಕು, ಗ್ಲೌಸು, ಕೈ ತೊಳೆಯಲು ನೀರು, ಡ್ಯೂಟಿಯಲ್ಲಿ ಸಾಕಷ್ಟು ಜನ ಇದ್ದಾರಾ ಅಂತ ನೋಡುವುದೂ ಅಷ್ಟೇ ಮುಖ್ಯ.

ಸರಿ, ವಿಷಯಕ್ಕೆ ಬರುತ್ತೇನೆ. ಮೌಲ್ಯ ಅಂತ ಪಠ್ಯದಲ್ಲಿ ಒಂದು ಅಧ್ಯಾಯ ಇರುತ್ತದೆ. ಕರುಣೆ, ಪ್ರಾಮಾಣಿಕತೆ, ಸಮಾನತೆ ಅಂತ ಬಾಯಿಪಾಠ ಮಾಡಿ ಐದು ಮಾರ್ಕು ತೆಗೆದುಕೊಳ್ಳುತ್ತೀರಿ. ಅದನ್ನು ನೋಡಬೇಕಾದ ಜಾಗ ಬೇರೆ. ರಾತ್ರಿ ಡ್ಯೂಟಿಯಲ್ಲಿ ಇಬ್ಬರ ಮನೆಯವರು ಒಟ್ಟಿಗೆ ಬಂದು ‘ಸಿಸ್ಟರೇ, ಒಮ್ಮೆ ಬನ್ನಿ’ ಅಂತಾರೆ ಅಂತ ಇಟ್ಟುಕೊಳ್ಳಿ. ಒಬ್ಬರು ನಿಮ್ಮ ಊರಿನ ಮಾಸ್ಟ್ರು, ಎದೆ ಉರಿ. ಇನ್ನೊಬ್ಬ ಕುಡಿದು ಬಿದ್ದು ಕಾಲು ಮುರಿದುಕೊಂಡವನು, ಬೆವರುತ್ತಿದ್ದಾನೆ, ಕೈ ನಡುಗುತ್ತಿದೆ. ಯಾರ ಹಾಸಿಗೆಗೆ ಮೊದಲು ಹೋಗುತ್ತೀರಿ? ಅಲ್ಲಿ ಬರೆದಿರುತ್ತದೆ ನಿಮ್ಮ ಮೌಲ್ಯ. ನೀವು ಯೋಚನೆ ಮಾಡುವ ಮೊದಲೇ ಕಾಲು ಹೊರಟಿರುತ್ತದೆ.

ಎದೆ ಉರಿ ಅಂದರೆ ಹೃದಯದ್ದೂ ಇರಬಹುದು, ಸುಮ್ನೆ ಬಿಡುವ ಹಾಗಿಲ್ಲ. ಆದರೆ ಆ ಎರಡನೆಯವನನ್ನು ಸ್ವಲ್ಪ ಹತ್ತಿರದಿಂದ ನೋಡಿ. ದಿನಾ ಕುಡಿಯುತ್ತಿದ್ದವನು ಆಸ್ಪತ್ರೆಗೆ ಸೇರಿದ ಮೇಲೆ ಕುಡಿತ ನಿಂತಿದೆ. ಎರಡು ಮೂರು ದಿನ ಕಳೆಯುವಾಗ ನಡುಕ, ಬೆವರು, ಗೋಡೆ ಮೇಲೆ ಹುಳ ಹರಿಯುವುದು ಕಾಣುವುದು, ಯಾರೋ ಕರೆದ ಹಾಗೆ ಕೇಳುವುದು. ಹೆಂಡತಿ ‘ಏನೋ ಮೈಮೇಲೆ ಬಂದಿದೆ’ ಅಂತ ಅಳುತ್ತಾಳೆ. ನಮ್ಮವರು ‘ಕುಡುಕ, ಕೈಕಾಲು ಕಟ್ಟಿ ಹಾಕಿ’ ಅಂತಾರೆ. ಇದು ಜೀವಕ್ಕೆ ಅಪಾಯ ಆಗಬಹುದಾದ ಸ್ಥಿತಿ. ಇಂಥವರಿಗೆ ಗ್ಲುಕೋಸ್ ಹಾಕುವ ಮೊದಲು ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊಟ್ಟಿದ್ದಾರಾ ಅಂತ ಡಾಕ್ಟರಲ್ಲಿ ಕೇಳಬೇಕು. ಇಲ್ಲದಿದ್ದರೆ ಮಿದುಳಿಗೇ ಪೆಟ್ಟು ಬೀಳಬಹುದು. ಇದೆಲ್ಲ ತಡೆಯಬೇಕಾದರೆ ಸೇರಿಸಿಕೊಳ್ಳುವಾಗಲೇ ಒಂದು ಪ್ರಶ್ನೆ ಕೇಳಬೇಕಿತ್ತು: ‘ಕೊನೆಗೆ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು?’ ನಾನು ನೋಡಿದ ಹಾಗೆ ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಬೈಗುಳದ ಧಾಟಿಯಲ್ಲಿ. ಬೈದು ಕೇಳಿದರೆ ‘ನಾನು ಕುಡಿಯುವುದೇ ಇಲ್ಲ’ ಅಂತ ಉತ್ತರ ಬರುತ್ತದೆ. ಚಾರ್ಟಿನಲ್ಲಿ ಅದೇ ಹೋಗುತ್ತದೆ. ನಿಮಗೆ ಕುಡಿತ ಕಂಡರೆ ಆಗದೆ ಇರಬಹುದು, ನನಗೂ ಆಗುವುದಿಲ್ಲ. ನನ್ನ ಆ ಸಿಟ್ಟಿಗೆ ಅವನ ಚಾರ್ಟಿನಲ್ಲಿ ಜಾಗ ಕೊಡಬಾರದು, ಅಷ್ಟೇ.

ಹೆರಿಗೆ ಕೋಣೆಯಲ್ಲಿ ಇನ್ನೂ ಕೆಟ್ಟದಾಗಿ ಕೇಳುತ್ತೇವೆ. ನೋವಿನಲ್ಲಿ ಕಿರುಚುವ ಹುಡುಗಿಗೆ ‘ಆಗ ಗೊತ್ತಿರಲಿಲ್ವಾ?’ ಅನ್ನುವ ಮಾತು. ನಿಮ್ಮಲ್ಲಿ ಕೆಲವರು ತಲೆ ತಗ್ಗಿಸಿದ್ದು ನೋಡಿದೆ, ಕೇಳಿದವರೇ ಇರಬೇಕು. 2017ರಲ್ಲಿ ಕೇಂದ್ರ ಸರ್ಕಾರ ‘ಲಕ್ಷ್ಯ’ ಅಂತ ಯೋಜನೆ ತಂದು, ಹೆರಿಗೆ ಕೋಣೆಯಲ್ಲಿ ತಾಯಿಗೆ ಮರ್ಯಾದೆ ಕೊಡಬೇಕು ಅಂತ ಕಾಗದದಲ್ಲಿ ಬರೆಯಬೇಕಾಯಿತು. ನೋವಿನ ಬಗ್ಗೆ ಮಾರ್ಗೊ ಮೆಕಾಫ್ರಿ ಎಂಬ ನರ್ಸ್ 1968ರಲ್ಲೇ ಹೇಳಿದ್ದರು: ಅನುಭವಿಸುವವರು ನೋವಿದೆ ಅಂದರೆ ಇದೆ, ಎಷ್ಟು ಅಂದರೆ ಅಷ್ಟು. ಅಳತೆಗೋಲು ಅವರ ಕೈಯಲ್ಲಿ, ನಮ್ಮ ಕೈಯಲ್ಲಿ ಅಲ್ಲ.

ಈಗ ರೋಗಿಯ ನಂಬಿಕೆಯ ಕಡೆಗೆ ಹೋಗುತ್ತೇನೆ. ನಮ್ಮ ಕಾಸರಗೋಡಿನ ಕಡೆ ಸರ್ಪಸುತ್ತು ನೋಡದ ಮನೆ ಕಡಿಮೆ. ಸೊಂಟದಲ್ಲೋ ಎದೆಯ ಪಕ್ಕದಲ್ಲೋ ಮೊದಲು ಉರಿ, ಆಮೇಲೆ ಸಾಲಾಗಿ ನೀರುಗುಳ್ಳೆ. ಬಟ್ಟೆ ತಾಗಿದರೂ ಜೀವ ಹೋಗುವ ನೋವು. ನಾಗನಿಗೆ ಏನೋ ಅಪಚಾರ ಆಗಿದೆ, ಆಶ್ಲೇಷಾ ಬಲಿ ಮಾಡಿಸಬೇಕು ಅಂತಾರೆ. ಹಳ್ಳಿಮದ್ದಿನವರು ಕೆಂಪು ಕಾವಿ ಹಚ್ಚುತ್ತಾರೆ. ಸರ್ಪದ ತಲೆ ಬಾಲ ಒಂದಕ್ಕೊಂದು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಅಂತ ಒಂದು ಭಯ ಬೇರೆ.

ಹೊಸದಾಗಿ ಕಲಿತು ಬಂದ ನರ್ಸ್ ಎಂತ ಹೇಳುತ್ತಾಳೆ? ‘ಇದೆಲ್ಲ ಮೂಢನಂಬಿಕೆ, ವೈರಸ್ ಅಜ್ಜೀ’ ಅಂತ ನಕ್ಕುಬಿಡುತ್ತಾಳೆ. ಹೇಳಿದ್ದು ನಿಜವೇ. ಬಾಲ್ಯದಲ್ಲಿ ಬಂದ ಚಿಕನ್ ಪಾಕ್ಸ್‌ನ ವೈರಸ್ಸು ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಅಡಗಿ ಕೂತು, ವಯಸ್ಸಾಗಿ ಮೈಯ ಶಕ್ತಿ ಇಳಿದಾಗ ಮತ್ತೆ ಎದ್ದು ಬರುತ್ತದೆ. ಆದರೆ ಅಜ್ಜಿಯ ಮುಖ ನೋಡಿ. ಅವರು ‘ಹೌದಾ ಮಗಾ’ ಅಂತ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಇಲ್ಲಿ ಹೊತ್ತು ಬಹಳ ಮುಖ್ಯ. ಗುಳ್ಳೆ ಎದ್ದು 72 ಗಂಟೆಯ ಒಳಗೆ ಅಸೈಕ್ಲೊವಿರ್ ಎಂಬ ವೈರಸ್ಸಿನ ಮಾತ್ರೆ ಶುರು ಮಾಡಿದರೆ ಗುಣ ಜಾಸ್ತಿ. ತಡವಾದರೆ ಗುಳ್ಳೆ ಒಣಗಿದ ಮೇಲೂ ವಯಸ್ಸಾದವರಿಗೆ ಆ ನರದ ನೋವು ತಿಂಗಳುಗಟ್ಟಲೆ ಉಳಿಯಬಹುದು. ಅಂದರೆ ನಮ್ಮ ಒಂದು ನಗೆಯಿಂದ ಅಜ್ಜಿಗೆ ಎಷ್ಟು ತಿಂಗಳ ನೋವು ಅಂತ ಲೆಕ್ಕ ಹಾಕಿ.

ನಾನಾದರೆ ಹೀಗೆ ಹೇಳುತ್ತೇನೆ: ‘ಆಶ್ಲೇಷಾ ಬಲಿ ಮಾಡಿಸಿ ಅಜ್ಜಿ, ಒಳ್ಳೆ ದಿನ ನೋಡಿ ಮಾಡಿಸಿ. ಈ ಮಾತ್ರೆಗೆ ದಿನ ನೋಡುವುದು ಬೇಡ, ಇವತ್ತೇ ಶುರು ಮಾಡುವ. ಕಾವಿ ಮಾತ್ರ ಒಡೆದ ಗುಳ್ಳೆಯ ಮೇಲೆ ಬೇಡ, ಕೀವು ಆಗ್ತದೆ.’ ತಲೆ ಬಾಲ ಮುಟ್ಟುವ ಭಯಕ್ಕೂ ನನ್ನ ಹತ್ತಿರ ಸಮಾಧಾನ ಉಂಟು. ಈ ಕಾಯಿಲೆ ಒಂದು ನರದ ದಾರಿ ಹಿಡಿದು ಹೋಗುತ್ತದೆ. ಆ ನರ ಮೈಯ ಒಂದೇ ಬದಿಯದು, ನಡುಗೆರೆ ದಾಟುವುದು ತೀರಾ ಅಪರೂಪ. ‘ಅದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ ಅಜ್ಜಿ, ಸುತ್ತು ಬರುವುದಿಲ್ಲ’ ಅಂದಾಗ ಅವರ ಉಸಿರು ಸಲೀಸಾಗುವುದು ಕಣ್ಣಿಗೆ ಕಾಣುತ್ತದೆ. ಆ ಮಾತ್ರೆ ದಿನಕ್ಕೆ ಐದು ಸಲ ತೆಗೆದುಕೊಳ್ಳಬೇಕು, ಅದೇ ದೊಡ್ಡ ರಗಳೆ. ಬೆಳಗ್ಗಿನ ಚಾ, ಹತ್ತರ ಗಂಜಿ, ಮಧ್ಯಾಹ್ನದ ಊಟ, ಸಂಜೆ ದೀಪ, ಮಲಗುವ ಹೊತ್ತು ಅಂತ ಅವರ ದಿನಕ್ಕೆ ಕಟ್ಟಿ ಹೇಳಬೇಕು. ‘ಫೈವ್ ಟೈಮ್ಸ್’ ಅಂದರೆ ಅವರು ಮೂರು ಸಲ ತಿಂದು ಸುಮ್ಮನಾಗುತ್ತಾರೆ.

‘ನೀವು ಅದನ್ನೆಲ್ಲ ನಂಬುತ್ತೀರಾ’ ಅಂತ ಕೇಳಬಹುದು. ನಾನೂ ನಾಗರ ಪಂಚಮಿಗೆ ತರವಾಡಿನ, ಅಂದರೆ ಕುಟುಂಬದ ಮೂಲ ಮನೆಯ, ನಾಗಬನಕ್ಕೆ ಹಾಲು, ಎಳನೀರು ತೆಗೆದುಕೊಂಡು ಹೋಗುವವಳು. ನಾಗಬನ ಇಲ್ಲದ ಡಾಕ್ಟರ ಮನೆ ಇಲ್ಲಿ ಎಷ್ಟುಂಟು, ಹೇಳಿ! ನನ್ನ ನಂಬಿಕೆ ನನ್ನ ಹತ್ತಿರ ಇರಲಿ. ಅಜ್ಜಿಯ ನಂಬಿಕೆಗೆ ನಾನು ತೀರ್ಪು ಕೊಡಬೇಕಾಗಿಲ್ಲ, ಅದರ ಪಕ್ಕದಲ್ಲಿ ಮಾತ್ರೆಗೆ ಜಾಗ ಮಾಡಿಸಿದರೆ ಸಾಕು.

ಮ್ಯಾಡಲಿನ್ ಲೈನಿಂಗರ್ ಅಂತ ಅಮೆರಿಕದ ಒಬ್ಬ ನರ್ಸ್. 1960ರ ದಶಕದಲ್ಲಿ ನ್ಯೂಗಿನಿಯ ಗುಡ್ಡಗಾಡಿನ ಜನರ ಜೊತೆ ಇದ್ದು, ಅವರ ಬಾಣಂತನ, ಕಾಯಿಲೆ, ಸಾವು ಎಲ್ಲ ನೋಡಿ ಬಂದವರು. ಅವರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕೆಲವು ರೂಢಿ ಹಾಗೇ ಇರಲಿ ಬಿಡಿ, ಕೆಲವನ್ನು ಹೊಂದಿಸಿಕೊಳ್ಳಿ, ಕೆಲವನ್ನು ಬದಲಿಸಲೇಬೇಕು. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿ ನೀರಿನ ಸ್ನಾನವಾ, ಮಾಡಲಿ. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯವರು ಉಪವಾಸ ಹಿಡಿಯುತ್ತೇನೆ ಅಂದರೆ ತಿಂಗಳಿಗೆ ಮೊದಲೇ ಡಾಕ್ಟರಲ್ಲಿ ಮಾತಾಡಿಸಿ ಮಾತ್ರೆ, ಇನ್ಸುಲಿನ್ ಹೊತ್ತು ಬದಲಿಸಬಹುದು. ಕಾಯಿಲೆಯವರಿಗೆ ವಿನಾಯಿತಿ ಉಂಟು ಅಂತ ಅವರ ಉಸ್ತಾದರೇ ಹೇಳಿದರೆ ಇನ್ನೂ ಒಳ್ಳೆಯದು. ಆದರೆ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ನೆಕ್ಕಿಸುವುದು, ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವುದು, ಇದಕ್ಕೆ ತಲೆ ಅಲ್ಲಾಡಿಸುವ ಹಾಗಿಲ್ಲ. ಅಲ್ಲಿ ನಾನು ಅಜ್ಜಿಯ ಎದುರು ಕೂತು, ಬೇಡ ಅಂತಲೇ ಹೇಳುತ್ತೇನೆ. ಅಜ್ಜಿಗೇ ಹೇಳಬೇಕು. ಸೊಸೆಗೆ ಹೇಳಿ ಪ್ರಯೋಜನ ಇಲ್ಲ, ಅದು ನಿಮಗೆ ಗೊತ್ತೇ ಉಂಟು.

ನಂಬಿಕೆಯನ್ನು ನೋಡಿ ನಗುವ ಮೊದಲು ನಮ್ಮ ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಮನೆಗಳನ್ನು ನೆನಪು ಮಾಡಿಕೊಳ್ಳಿ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮನೆಯಲ್ಲಿ ಒಂದರ ಮೇಲೆ ಒಂದು ಮಗು ಹಾಸಿಗೆ ಹಿಡಿದಾಗ ದೈವದ ಮುನಿಸು ಅಂತ ಹರಕೆ ಹೊತ್ತವರು ಎಷ್ಟೋ ಜನ. ಅವರನ್ನು ದೂರಿ ಎಂತ ಮಾಡುವುದು? ಬೇರೆ ಕಾರಣ ಹೇಳುವವರು ಯಾರಿದ್ದರು? ಪಡ್ರೆಯ ವಾಣೀನಗರದಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಕ್ಲಿನಿಕ್ಕಿಗೆ ಬರುವವರನ್ನು ಗಮನಿಸಿ ಇದು ಸಹಜ ಅಲ್ಲ ಅಂತ ಹೇಳುತ್ತಾ ಬಂದರು. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನಿಗೆ ತಡೆ ಕೊಟ್ಟಿತು. 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ಕೊಡಬೇಕು ಅಂತ ಆದೇಶ ಆಯಿತು.

ಕೋರ್ಟಿನ ಕಾಗದ ಬಂದ ಮೇಲೂ ಆ ತಾಯಂದಿರ ಬಾಯಲ್ಲಿ ‘ನಾನು ಯಾವ ಪಾಪ ಮಾಡಿದ್ದೆನೋ’ ಅನ್ನುವ ಮಾತು ಉಳಿದಿದೆ. ಮಗನಿಗೆ ಈಗ ಮೂವತ್ತು ದಾಟಿದೆ, ಅಮ್ಮನಿಗೆ ಬೆನ್ನು ನೋವು, ಅವನನ್ನು ಎತ್ತಿ ಕೂರಿಸಲು ಆಗುವುದಿಲ್ಲ. ಅಂಥ ಮನೆಗೆ ಹೋದಾಗ ಮಗನ ಬೆನ್ನಿನ ಹುಣ್ಣು ನೋಡಿ ಬಂದರೆ ಅರ್ಧ ಕೆಲಸ ಆಯಿತು. ಅಮ್ಮನ ಬಿಪಿ ನೋಡಿದ್ದೀರಾ? ಮೈಗೆ ಪೆಟ್ಟಾಗದ ಹಾಗೆ ಬೆಡ್‌ಶೀಟ್ ಹಿಡಿದು ಮಗ್ಗುಲು ಬದಲಿಸುವುದು ಹೇಗೆ ಅಂತ ತೋರಿಸಿದ್ದೀರಾ? ‘ನಿಮ್ಮಿಂದ ಆದದ್ದಲ್ಲ ಅಕ್ಕಾ’ ಅಂತ ಒಬ್ಬರಾದರೂ ಅವರ ಕಿವಿಗೆ ಹಾಕಿದ್ದೀರಾ?

ಪ್ರೀತಿಯೊಂದೇ ಸಾಲದು ಅಂತ ಹೇಳುವುದಕ್ಕೆ ಇನ್ನೊಂದು ಮನೆಯ ಕಥೆ. ಕೇರಳದಲ್ಲಿ 2008ರಲ್ಲಿ ಉಪಶಮನ ಆರೈಕೆಗೆ, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಪಾಲಿಯೇಟಿವ್ ಆರೈಕೆಗೆ ಅಂತಲೇ ಒಂದು ನೀತಿ ಬಂತು. ಅದರಿಂದಾಗಿ ಈಗ ಪಂಚಾಯತಿನ ಪಾಲಿಯೇಟಿವ್ ನರ್ಸ್ ಜೀಪಿನಲ್ಲಿ ಮನೆ ಬಾಗಿಲಿಗೆ ಹೋಗುತ್ತಾರೆ. ಅಂಥ ಒಂದು ಮನೆಗೆ ಹೋದಾಗ ಅಂಗಳದಲ್ಲೇ ವಾಸನೆ ಬಂತು. ಸ್ತನ ಕ್ಯಾನ್ಸರ್ ಹುಣ್ಣಾಗಿ ಒಡೆದಿತ್ತು. ಆ ಅಮ್ಮನನ್ನು ಕೊಟ್ಟಿಗೆ ಬದಿಯ ಕೋಣೆಯಲ್ಲಿ ಮಲಗಿಸಿ, ಊದುಬತ್ತಿ ಹಚ್ಚಿದ್ದರು. ಸೊಸೆ ಕೆಟ್ಟವಳಲ್ಲ. ಹೊತ್ತು ಹೊತ್ತಿಗೆ ಗಂಜಿ ತಂದಿಡುತ್ತಿದ್ದಳು, ಮೂಗಿಗೆ ಸೆರಗು ಹಿಡಿದು. ಮೊಮ್ಮಗು ಹತ್ತಿರ ಬರುತ್ತಿರಲಿಲ್ಲ. ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ಆ ವಾಸನೆ ಬರುವುದು ಗಾಳಿ ತಾಗದ ಕೊಳೆತ ಮಾಂಸದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳಿಂದ. ಅದಕ್ಕೆ ಮೆಟ್ರೊನಿಡಜೋಲ್ ಮಾತ್ರೆ, ಭೇದಿಗೆ ಕೊಡುತ್ತಾರಲ್ಲ ಅದೇ, ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸುತ್ತೇವೆ. ಕೆಲವೇ ರೂಪಾಯಿಯ ಮದ್ದು. ನೋವಿನ ಮಾತ್ರೆಯನ್ನು ಡ್ರೆಸ್ಸಿಂಗಿಗೆ ಅರ್ಧ ಗಂಟೆ ಮೊದಲೇ ಕೊಡಬೇಕು. ಹಳೆ ಬಟ್ಟೆಯನ್ನು ಎಳೆಯಬಾರದು. ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ ಆರಿಸಿ, ಆ ನೀರನ್ನು ಹನಿ ಹನಿಯಾಗಿ ಬಿಟ್ಟು, ಅದು ತಾನಾಗಿ ಬಿಟ್ಟುಕೊಳ್ಳುವ ತನಕ ಕಾಯಬೇಕು. ಅದಕ್ಕೆ ಹೊತ್ತು ಬೇಕು. ಆ ಹೊತ್ತಿನಲ್ಲಿ ನಿಮ್ಮ ಮುಖ ಅವರ ಮುಖದಿಂದ ಒಂದು ಗೇಣು ದೂರದಲ್ಲಿ ಇರುತ್ತದೆ. ನೀವು ಮೂಗು ಮುರಿದರೆ ಅವರಿಗೆ ಕಾಣುತ್ತದೆ, ಮಾಸ್ಕ್ ಹಾಕಿದ್ದರೂ ಕಣ್ಣಿನಲ್ಲಿ ಕಾಣುತ್ತದೆ. ನಾನು ಆಗ ಎಂತಾದರೂ ಮಾತಾಡುತ್ತೇನೆ. ಕೊಳಕೆ ಬೆಳೆಯ ಕಥೆ, ಮೊಗ್ಗಿನ ರೇಟು, ಯಾರದೋ ಮದುವೆ.

ಸೊಸೆಗೆ ಅದನ್ನು ಕಲಿಸಿಕೊಟ್ಟೆವು. ದಿನಗಳು ಹೋದ ಹಾಗೆ ವಾಸನೆ ಇಳಿಯಿತು. ಹುಣ್ಣು ಗುಣ ಆಗಲಿಲ್ಲ, ಆಗುವಂಥದ್ದೂ ಅಲ್ಲ. ಅಮ್ಮನನ್ನು ಚಾವಡಿಗೆ ತಂದು ಮಲಗಿಸಿದರು. ಮೊಮ್ಮಗು ಅವರ ಮಂಚದ ಮೇಲೆ ಕೂತು ಹೋಂವರ್ಕ್ ಮಾಡುತ್ತಿತ್ತು. ಆ ಮನೆಯಲ್ಲಿ ಪ್ರೀತಿ ಮೊದಲೂ ಇತ್ತು. ದಾರಿ ಗೊತ್ತಿರಲಿಲ್ಲ. ಅದಕ್ಕೇ ಹೇಳುವುದು, ಮೆಟ್ರೊನಿಡಜೋಲ್ ಗೊತ್ತಿಲ್ಲದ ಕರುಣೆ ಊದುಬತ್ತಿ ಹಚ್ಚಿ ಸುಮ್ಮನಾಗುತ್ತದೆ.

ಇನ್ನು ಸತ್ಯ ಹೇಳುವ ವಿಷಯ. ಇದರಲ್ಲಿ ನನಗೂ ಮನೆಯವರಿಗೂ ಯಾವಾಗಲೂ ಜಗ್ಗಾಟ. ಗೇಟಿನಲ್ಲೇ ಮಗ ನಿಲ್ಲಿಸಿ ಹೇಳುತ್ತಾನೆ, ‘ಸಿಸ್ಟರೇ, ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ, ತಡೆದುಕೊಳ್ಳಲಿಕ್ಕಿಲ್ಲ.’ ಒಳಗೆ ಹೋದರೆ ಅಪ್ಪ ಮೆಲ್ಲಗೆ ಹೇಳುತ್ತಾರೆ, ‘ಮಕ್ಕಳಿಗೆ ಹೇಳಬೇಡಿ, ಪಾಪ, ಹೆದರುತ್ತಾರೆ.’ ಮಂಗಳೂರಿಗೆ ಹೋಗಿ ರೇಡಿಯೇಶನ್ ತೆಗೆದುಕೊಂಡು ಬಂದವರಿಗೆ ಯಾವ ಕಾಯಿಲೆ ಅಂತ ಗೊತ್ತಿಲ್ಲ ಅಂತ ನಾವು ತಿಳಿದುಕೊಳ್ಳುವುದೇ ತಮಾಷೆ.

ಮಗನ ಮೇಲೆ ಸಿಟ್ಟು ಮಾಡುವುದರಲ್ಲಿ ಅರ್ಥ ಇಲ್ಲ. ಅವನು ಪ್ರೀತಿಯಿಂದಲೇ ಹೇಳುತ್ತಾನೆ. ನರ್ಸ್ ಆಗಿ ನಾನು ಡಾಕ್ಟರನ್ನು ದಾಟಿ ಕಾಯಿಲೆಯ ಹೆಸರು ಹೇಳುವುದಿಲ್ಲ. ಆದರೆ ಸುಳ್ಳನ್ನೂ ಹೇಳುವುದಿಲ್ಲ. ಒಬ್ಬ ಅಜ್ಜ ನನ್ನಲ್ಲಿ ಕೇಳಿದರು, ‘ಅಡಿಕೆ ಕೊಯ್ಲಿನ ತನಕ ಇರುತ್ತೇನಾ?’ ‘ಎಂತ ಅಜ್ಜ, ಹಾಗೆಲ್ಲ ಮಾತಾಡಬಾರದು, ನೂರು ವರ್ಷ ಇರುತ್ತೀರಿ’ ಅಂದುಬಿಟ್ಟರೆ ಸುಲಭ. ಮಾತು ಅಲ್ಲಿಗೇ ಮುಗಿಯುತ್ತದೆ, ಅವರ ಮನಸ್ಸಿನದ್ದು ಅವರ ಒಳಗೇ ಉಳಿಯುತ್ತದೆ. ‘ಕೊಯ್ಲಿಗೆ ಮೊದಲು ಎಂತಾದರೂ ಮುಗಿಸಬೇಕು ಅಂತ ಉಂಟಾ ಅಜ್ಜ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗಳಿಗೆ ಕೆಳಗಿನ ತೋಟದ ಪಾಲು ಬರೆದಾಗಲಿಲ್ಲ’ ಅಂದರು. ಆ ವಾರವೇ ಮಕ್ಕಳು ಆಸ್ತಿಪತ್ರ ಬರೆಯುವವರನ್ನು ಮನೆಗೆ ಕರೆಸಿದರು. ಕ್ಯಾನ್ಸರ್ ಅನ್ನುವ ಮಾತನ್ನು ಆ ಮನೆಯಲ್ಲಿ ಕೊನೆಯ ತನಕ ಯಾರೂ ಆಡಲಿಲ್ಲ. ಎಲ್ಲರಿಗೂ ಎಲ್ಲ ಗೊತ್ತಿತ್ತು. ನನಗೆ ಅದು ಸರಿ ಅಂತಲೇ ಕಂಡಿತು. ಪುಸ್ತಕದವರು ಒಪ್ಪಲಿಕ್ಕಿಲ್ಲ.

ಗಡಿನಾಡಿನ ನಾವು ಬಿಡಲಾಗದ ಒಂದು ಮಾತು ಉಂಟು. ಡಿಸ್ಚಾರ್ಜ್ ಕಾರ್ಡು ಇಂಗ್ಲಿಷ್, ಆಪರೇಶನ್ ಒಪ್ಪಿಗೆಯ ಕಾಗದ ಮಲಯಾಳ, ರೋಗಿಯ ಮಾತು ತುಳುವೋ ಕನ್ನಡವೋ ಬ್ಯಾರಿಯೋ ಮರಾಟಿಯೋ. ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಆಗುವುದಿಲ್ಲ, ಗೊತ್ತಾಗಬೇಕು. ನಿಮಗೆ ನಾಲ್ಕು ಭಾಷೆ ಬರುತ್ತದೆ ಅಂದರೆ ಅದೂ ನಿಮ್ಮ ಕಿಟ್‌ನಲ್ಲಿ ಇರುವ ಸಾಮಾನೇ. ಓದಿ ಹೇಳಿ, ಆಮೇಲೆ ‘ನಾನು ಹೇಳಿದ್ದನ್ನು ನೀವು ಒಮ್ಮೆ ಹೇಳಿ’ ಅಂತ ಅವರ ಬಾಯಲ್ಲೇ ಕೇಳಿ. 2020ರ ಮಾರ್ಚಿನಲ್ಲಿ, ಕೊರೋನಾದ ಹೊತ್ತಿಗೆ, ಕರ್ನಾಟಕದ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಾಗ, ನಮ್ಮ ಆರೈಕೆ ಎಷ್ಟು ಮಂಗಳೂರನ್ನು ನಂಬಿ ಕೂತಿದೆ ಅಂತ ಎಲ್ಲರಿಗೂ ಗೊತ್ತಾಯಿತು. ಅದರ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಭಾಷಣ ಬೇಕು, ಇವತ್ತು ಬೇಡ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆ. ‘ಗರ್ಭಪಾತಕ್ಕೆ ಸಹಾಯ ಮಾಡುವುದು ನನ್ನ ಧರ್ಮಕ್ಕೆ ವಿರುದ್ಧ. ಡ್ಯೂಟಿ ಹಾಕಿದರೆ ಎಂತ ಮಾಡಲಿ?’ ಒಳ್ಳೆ ಪ್ರಶ್ನೆ, ಇದನ್ನು ಕೇಳಲು ಧೈರ್ಯ ಬೇಕು. ನಮ್ಮ ದೇಶದಲ್ಲಿ 1971ರಿಂದ ಅದಕ್ಕೆ ಕಾನೂನು ಉಂಟು, 2021ರಲ್ಲಿ ತಿದ್ದುಪಡಿಯೂ ಆಯಿತು. ಕಾನೂನಿನ ಒಳಗೆ ಬಂದ ಹೆಂಗಸಿಗೆ ಆರೈಕೆ ಸಿಗಲೇಬೇಕು, ಅವಳ ಹೆಸರು ಹೊರಗೆ ಹೋಗಬಾರದು. ಜಾಗತಿಕ ನರ್ಸ್‌ಗಳ ಒಕ್ಕೂಟದ 2021ರ ನೀತಿ ಸಂಹಿತೆಯಲ್ಲಿ, ಮನಸ್ಸಾಕ್ಷಿ ಒಪ್ಪದ ಕೆಲಸದಿಂದ ನರ್ಸ್ ಹಿಂದೆ ಸರಿಯಬಹುದು, ಆದರೆ ರೋಗಿಗೆ ಸರಿಯಾದ ಹೊತ್ತಿಗೆ ಮರ್ಯಾದೆಯ ಆರೈಕೆ ಸಿಗುವ ಹಾಗೆ ಮಾಡಿಯೇ ಸರಿಯಬೇಕು ಅಂತ ಉಂಟು. ಹಾಗಾಗಿ ಇದನ್ನು ಇನ್‌ಚಾರ್ಜ್ ಸಿಸ್ಟರಿಗೆ ಡ್ಯೂಟಿ ಪಟ್ಟಿ ಹಾಕುವ ಮೊದಲೇ, ಬಾಗಿಲು ಮುಚ್ಚಿ ಹೇಳಿ. ಆ ಹುಡುಗಿಯ ಹಾಸಿಗೆ ಪಕ್ಕ ನಿಂತು ಹೇಳಬೇಡಿ, ಅವಳಿಗೆ ಕೇಳುವ ಹಾಗೆ ನಿಟ್ಟುಸಿರೂ ಬಿಡಬೇಡಿ. ಬೇರೆ ನರ್ಸ್ ಬರುವ ತನಕ ಅಲ್ಲೇ ಇರಿ. ಮತ್ತೆ, ಅವಳಿಗೆ ರಕ್ತ ಹೋಗಲು ಶುರುವಾಗಿ ವಾರ್ಡಿನಲ್ಲಿ ನೀವೊಬ್ಬರೇ ಇದ್ದೀರಿ ಅಂತಾದರೆ, ಆಗ ಈ ಆಯ್ಕೆ ನಿಮಗೆ ಇಲ್ಲ. ಗ್ಲೌಸ್ ಹಾಕಿಕೊಳ್ಳಿ, ಡಾಕ್ಟರಿಗೆ ಫೋನ್ ಮಾಡಿಸಿ, ಬಿಪಿ ನೋಡಿ.